ಹೊಂದಿಸಿ ಬರೆಯಿರಿ

ನನಗೆ ನನ್ನ ನೆನಪಿನ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಇದನ್ನು ನಾಚಿಕೆಯಿಂದಲ್ಲ, ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಎರಡು ವರ್ಷದಲ್ಲಿ ನಾನು ಕಲಿತ ಪಾಠ ಒಂದೇ: ನೆನಪಿನಲ್ಲಿ ಉಳಿದದ್ದು ಕಥೆ, ಬರೆದಿಟ್ಟದ್ದು ದಾಖಲೆ. ಅಂದಿನಿಂದ ನಾನು ಡೈರಿ ಬರೆಯುವವಳು. ಹಾಲಿನವನು ಬರದ ದಿನ, ನಾದಿನಿ ಕೊಂಕು ನುಡಿದ ದಿನ, ಎಲ್ಲಕ್ಕೂ ನನ್ನಲ್ಲಿ ಆಧಾರವಿದೆ.

ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್, ಒಂಬತ್ತನೇ ತರಗತಿಯ ಕ್ಲಾಸ್ ಟೀಚರ್ ಕೂಡ. ಈ ವರ್ಷ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಮೊದಲ ದಿನವೇ, ಮೂವತ್ತೆಂಟು ಮಕ್ಕಳ ಹೆಸರನ್ನೂ ಕಲಿತುಬಿಟ್ಟೆ. ಬೆಳಿಗ್ಗೆ ಪ್ರತಿ ಬೆಂಚಿನಿಂದಲೂ ಯಾರು ಎಲ್ಲಿ ಕೂತಿದ್ದಾರೆಂದು ಒಂದು ಚೀಟಿ ಬರೆಸಿಕೊಂಡೆ. ಊಟದ ವೇಳೆಯಲ್ಲಿ ಅದನ್ನು ನಕ್ಷೆ ಮಾಡಿ ಡೈರಿಗೆ ಇಳಿಸಿದೆ. ಮಧ್ಯಾಹ್ನ ಡೈರಿ ನೋಡಿಕೊಂಡು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ. ಮಕ್ಕಳು ಬೆರಗಾದರು! ನಾನೂ ಬೆರಗಾದೆ! "ನೋಡಿ, ಮೊದಲ ದಿನವೇ ನಿಮ್ಮೆಲ್ಲರ ಹೆಸರೂ ನನಗೆ ಗೊತ್ತು" ಎಂದು ಎದೆಯುಬ್ಬಿಸಿ ಹೇಳಿದ್ದೂ ಡೈರಿಯಲ್ಲಿದೆ. ಪಕ್ಕದಲ್ಲಿ ನಕ್ಷತ್ರದ ಗುರುತಿದೆ.

ಆರು ತಿಂಗಳು ನಾನು ಅದೇ ನಕ್ಷತ್ರದ ಬೆಳಕಿನಲ್ಲಿ ಬದುಕಿದೆ.

ನವೆಂಬರಿನಲ್ಲಿ ಒಂದು ತರಬೇತಿಗೆ ಹೋಗಿಬಂದೆ. ಮಕ್ಕಳಿಗೆ ಪಾಠಕ್ಕಿಂತ ಮೊದಲು ನಂಬಿಕೆ ಬೇಕು, ನಿಮ್ಮ ಕಾಳಜಿ ಅವರಿಗೆ ಕಾಣಿಸಬೇಕು ಎಂದು ಅಲ್ಲಿ ಹೇಳಿದರು. ಕಾಣಿಸುವುದಕ್ಕೇನು ಕಷ್ಟ? ಬಂದವಳೇ ಚಪ್ಪಲಿಯ ರಟ್ಟಿನ ಪೆಟ್ಟಿಗೆಗೆ ಬಣ್ಣದ ಕಾಗದ ಅಂಟಿಸಿ, ಮೇಲೆ ಸೀಳು ಬಿಟ್ಟು, 'ಮನದ ಮಾತು' ಎಂದು ಬರೆದೆ. ಹೆಸರು ಹಾಕದೆ ಯಾರು ಏನು ಬೇಕಾದರೂ ಬರೆದು ಹಾಕಬಹುದು.

ನನ್ನ ಯಜಮಾನರು ಹುಲೇಕಲ್ ಕಡೆಯವರು. ಮಾತು ಕಮ್ಮಿ, ಆಡಿದರೆ ಚುಚ್ಚುತ್ತದೆ. ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು.

"ಎಂತದೇ ಇದು?"

"ಮಕ್ಕಳ ಮನಸ್ಸು ತಿಳಿಯೋಕೆ."

"ಅವು ನಿಜ ಬರೆದ್ರೆ ತಡ್ಕಳ ಶಕ್ತಿ ಇದ್ದ ನಿಂಗೆ?"

ಪೆಟ್ಟಿಗೆಯನ್ನು ಅವರ ಕೈಯಿಂದ ಕಿತ್ತುಕೊಂಡೆ. ಅದೂ ಡೈರಿಯಲ್ಲಿದೆ.

ಮೊದಲ ವಾರ ಬಂದ ಚೀಟಿಗಳು ಇವು: 'ಫ್ಯಾನ್ ರಿಪೇರಿ ಮಾಡಿಸಿ.' 'ಬಿಸಿಯೂಟದ ಸಾಂಬಾರಿನಲ್ಲಿ ಬೇಳೆ ಹುಡುಕುವ ಸ್ಪರ್ಧೆ ಇಡಿ.' 'ಇಂಥದ್ದೇ ಒಂದು ಪೆಟ್ಟಿಗೆ ಗಣಿತ ಸರ್‌ಗೂ ಕೊಡಿ, ದೊಡ್ಡದು.' ನಗುತ್ತಾ ನಗುತ್ತಾ ಕೊನೆಯ ಚೀಟಿ ಬಿಡಿಸಿದೆ.

'ಟೀಚರ್‌ಗೆ ನನ್ನ ಹೆಸರು ಗೊತ್ತಿಲ್ಲ. ತೊಂದರೆ ಇಲ್ಲ.'

ಮೊದಲ ವಾಕ್ಯಕ್ಕೆ ಸಿಟ್ಟು ಬಂತು. ಎರಡನೆಯದನ್ನು ಮತ್ತೆ ಮತ್ತೆ ಓದಿದೆ. ತೊಂದರೆ ಇಲ್ಲವಂತೆ! ಚೀಟಿಯನ್ನು ಬೆಳಕಿಗೆ ಹಿಡಿದೆ. ಅಕ್ಷರಗಳ ಮೇಲೆಲ್ಲ ಮಸಿ ಹರಡಿತ್ತು. ಇತಿಹಾಸದ ವಿದ್ಯಾರ್ಥಿನಿಯಾದ ನಾನು ಕೂಡಲೇ ನಿರ್ಣಯಕ್ಕೆ ಬಂದೆ: ಕಣ್ಣೀರು! ಬರೆಯುತ್ತ ಬರೆಯುತ್ತ ಮಗು ಅತ್ತಿದೆ!

ಮನೆಯಲ್ಲಿ ಚೀಟಿ ತೋರಿಸಿದೆ. ಯಜಮಾನರು ಕನ್ನಡಕ ಏರಿಸಿ ಓದಿದರು.

"ನನ್ನ ತಂಗಿ ಗಂಡನ ಹೆಸರೆಂತು ಹೇಳು ನೋಡನ."

"ಅದು... ಈಗ ಅದು ಯಾಕೆ?"

"ಅಂವ ಹದಿನಾಲ್ಕು ವರ್ಷದಿಂದ ನಮ್ಮನೆಗೆ ಬತ್ತಾ ಇದ್ದ. ಅಂವಂಗೂ ಒಂದು ಪೆಟ್ಟಿಗೆ ಇಟ್ಟಿಕ್ಕು."

ಮರುದಿನ ಹಾಜರಿ ಪುಸ್ತಕವನ್ನು ಮುಚ್ಚಿಟ್ಟು, ಡೈರಿಯನ್ನೂ ಮುಟ್ಟದೆ, ಬೆಂಚಿನಿಂದ ಬೆಂಚಿಗೆ ಕಣ್ಣು ಹಾಯಿಸುತ್ತ ಮೂವತ್ತೆಂಟು ಹೆಸರನ್ನೂ ಕರೆದೆ. ಮೂವತ್ತೆಂಟು 'ಎಸ್ ಟೀಚರ್' ಬಂತು. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಗೆದ್ದೆ ಎಂದುಕೊಂಡೆ.

ಸಂಜೆ ಪೆಟ್ಟಿಗೆ ತೆರೆದರೆ ಅದೇ ಅಕ್ಷರ, ಅದೇ ಕಣ್ಣೀರು: 'ಇವತ್ತೂ ಗೊತ್ತಾಗಲಿಲ್ಲ. ತೊಂದರೆ ಇಲ್ಲ.'

ಇದು ಹೇಗೆ ಸಾಧ್ಯ? ಅಷ್ಟೂ ಹೆಸರು ಕರೆದಿದ್ದೇನೆ, ಅಷ್ಟೂ ಮಂದಿ ಓಗೊಟ್ಟಿದ್ದಾರೆ! ಹಾಗಾದರೆ ಈ ಮಗುವಿನ ದೂರು ಹೆಸರಿನದ್ದಲ್ಲ, ಮನಸ್ಸಿನದ್ದು ಎಂದು ಗೂಢಾರ್ಥ ಹುಡುಕಿದೆ. ಯಾವುದೋ ಮಗು ಒಳಗೊಳಗೇ ಕೊರಗುತ್ತಿದೆ. ಅಳುವ ಕಣ್ಣನ್ನು ಹುಡುಕಬೇಕು.

ಮರುದಿನವೇ ಸಿಕ್ಕಿತು. ಎರಡನೇ ಬೆಂಚಿನ ಮಂಜುನಾಥನ ಎರಡೂ ಕಣ್ಣು ಕೆಂಡದಂತೆ ಕೆಂಪಾಗಿದ್ದವು. ಅವನನ್ನು ಹೊರಗೆ ಕರೆದು, ಹೆಗಲ ಮೇಲೆ ಕೈಯಿಟ್ಟು, ಮುಖದ ಹತ್ತಿರ ಮುಖ ತಂದು ಕೇಳಿದೆ:

"ಮಂಜುನಾಥ, ನಿನ್ನ ಹೆಸರು ನನಗೆ ಗೊತ್ತಲ್ಲಪ್ಪ?"

"ಹೌದು ಟೀಚರ್."

"ಮನೇಲಿ ಎಲ್ಲ ಸರಿಯಿದ್ಯಾ? ತಂಗಿ ಹೇಗಿದ್ದಾಳೆ?"

"ಚೆನ್ನಾಗಿದ್ದು ಟೀಚರ್."

"ಮತ್ತೆ ಯಾಕೆ ಅಳ್ತಾ ಇದ್ದೀಯ?" ಎನ್ನುತ್ತ ನನ್ನ ಸೆರಗಿನಿಂದಲೇ ಅವನ ಕಣ್ಣೊರೆಸಿದೆ. ಅದೇ ಸೆರಗಿನಿಂದ, ಮನಸ್ಸು ತುಂಬಿ ಬಂದು, ನನ್ನ ಕಣ್ಣನ್ನೂ ಒರೆಸಿಕೊಂಡೆ.

ಅವನು ಅಳುತ್ತಿರಲಿಲ್ಲ. ಅವನಿಗೆ ಕಣ್ಣುಬೇನೆ ಬಂದಿತ್ತು. ಎರಡು ದಿನದಲ್ಲಿ ನನಗೂ ಬಂತು.

ಐದು ದಿನ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತೆ. ಯಜಮಾನರು ದೂರದಿಂದಲೇ ಔಷಧಿಯ ಬಾಟಲಿ ಉರುಳಿಸುತ್ತ, "ಕಾಳಜಿ ಕಾಣಿಸ್ತಾ ಇದ್ದು, ಭಾರೀ ಕೆಂಪಾಗಿ" ಎಂದರು.

ಕೂತಲ್ಲೇ ಯೋಚಿಸಿದೆ. ತರಗತಿಯಲ್ಲಿ ಎಲ್ಲರಿಗಿಂತ ಮೌನಿ ಯಾರು? ಸುಮಂಗಲಾ. ಮೂರನೇ ಬೆಂಚಿನ ಬಲತುದಿಯ ಹುಡುಗಿ. ಏನು ಕೇಳಿದರೂ ತಲೆ ತಗ್ಗಿಸುತ್ತಾಳೆ. ಅವಳ ಪಕ್ಕದಲ್ಲೇ ಕೂರುವ ನಾಗರತ್ನ ಅದಕ್ಕೆ ತದ್ವಿರುದ್ಧ, ಮಾತಿನ ಮಲ್ಲಿ. ಡಿಸೆಂಬರಿನಲ್ಲಿ ಶಿರಸಿಯಲ್ಲಿ ನಡೆಯುವ ಭಾಷಣ ಸ್ಪರ್ಧೆಗೆ ನಮ್ಮ ಶಾಲೆಯಿಂದ ಒಬ್ಬರಿಗೇ ಅವಕಾಶ. ನಾನು ಹಿಂದೆಮುಂದೆ ನೋಡದೆ ನಾಗರತ್ನಳ ಹೆಸರು ಕಳಿಸಿದ್ದೆ. ಹೆಸರನ್ನು ನೋಟೀಸ್ ಬೋರ್ಡಿಗೂ ಹಾಕಿದ್ದೆ. ಆ ನೋಟೀಸು ಬಿದ್ದ ವಾರವೇ ಮೊದಲ ಚೀಟಿ ಬಂದದ್ದು ಎಂದು ಈಗ ಡೈರಿಯಿಂದ ತಿಳಿಯಿತು. ಎಲ್ಲ ಸ್ಪಷ್ಟವಾಯಿತು! ಗೆಳತಿಗೆ ಸಿಕ್ಕ ಮನ್ನಣೆ ಕಂಡು ಆ ಮೌನಿ ಹುಡುಗಿ ನೊಂದಿದ್ದಾಳೆ.

ಹಾಗಾದರೆ ಮನೆಗೇ ಹೋಗಬೇಕು. ಅಪ್ಪ ಅಮ್ಮಂದಿರ ಎದುರು ಅವಳನ್ನು ಹೊಗಳಬೇಕು.

ಶಾಲೆಯ ದಾಖಲೆಯಿಂದ ಸುಮಂಗಲಾಳ ವಿಳಾಸ ತೆಗೆದೆ. ಅಂಕೋಲಾ ರಸ್ತೆಯಲ್ಲಿ ಊರು ದಾಟಿದ ಮೇಲೆ ಲಾರಿಗಳು ಸಾಲಾಗಿ ನಿಲ್ಲುವ ಜಾಗ. ಅಲ್ಲೊಂದು ಚಹಾದ ಹೋಟೆಲು, ಹಿಂಬದಿಯಲ್ಲೇ ಮನೆ. ಭಾನುವಾರ ಬೆಳಿಗ್ಗೆ ಕಪ್ಪು ಕನ್ನಡಕದಲ್ಲೇ, ಸೇಬಿನ ಚೀಲ ಹಿಡಿದು ಆಟೋದಿಂದ ಇಳಿದೆ. ಹೋಟೆಲಿನ ಬಾಗಿಲಲ್ಲಿ ಎದುರಾದವಳು ಯಾರು? ನಾಗರತ್ನ! ಒಂದು ಕೈಯಲ್ಲಿ ಚಹಾದ ಲೋಟಗಳು, ಇನ್ನೊಂದರಲ್ಲಿ ಟೇಬಲ್ ಒರೆಸುವ ಬಟ್ಟೆ.

"ಅರೆ ನಾಗರತ್ನ! ನೀನೇನೇ ಇಲ್ಲಿ? ಸುಮಂಗಲಾನ ಮನೆಗೆ ಬಂದಿದ್ದೀಯಾ?"

ಅವಳು ಒಂದು ಗಳಿಗೆ ನನ್ನನ್ನೇ ನೋಡಿದಳು. ಲೋಟಗಳು ಕಿಣಿಕಿಣಿ ಎಂದವು.

"ಹೌದು ಟೀಚರ್" ಎಂದಳು.

"ಸುಮಂಗಲಾ ಎಲ್ಲಿ?"

"ಅವಳು... ಸ್ವಲ್ಪ ಹೊರಗೆ ಹೋಗಿದಾಳೆ ಟೀಚರ್."

"ಬರಲಿ, ಕಾಯ್ತೇನೆ" ಎಂದು ಬೆಂಚಿನ ಮೇಲೆ ಕೂತೆ. ನಾಗರತ್ನ ಓಡಾಡಿ ಲಾರಿಯವರಿಗೆ ಚಹಾ ಕೊಡುತ್ತಿದ್ದಳು, ಚಿಲ್ಲರೆ ಎಣಿಸುತ್ತಿದ್ದಳು, ನನಗೂ ಒಂದು ಲೋಟ ತಂದಿಟ್ಟಳು. ಗೆಳತಿಯ ಮನೆಯಲ್ಲಿ ಎಷ್ಟು ಸಲುಗೆ, ಎಷ್ಟು ಕೆಲಸ! ಅಷ್ಟರಲ್ಲಿ ಅಡುಗೆ ಕಟ್ಟೆಯಿಂದ ಸುಮಂಗಲಾಳ ತಾಯಿ ಕೈ ಒರೆಸಿಕೊಳ್ಳುತ್ತ ಬಂದರು. ಬನವಾಸಿ ಕಡೆಯಿಂದ ಮದುವೆಯಾಗಿ ಬಂದವರು ಎಂದು ಮಾತಿನಲ್ಲೇ ತಿಳಿಯುತ್ತಿತ್ತು.

"ಬರ್ರಿ ಅಕ್ಕೋರ, ಬರ್ರಿ. ನೀವು ಬರೂದು ಅಂದ್ರ ಏನು! ಮಗಳು ಏನರ ತಪ್ಪು ಮಾಡ್ಯಾಳೇನ್ರಿ?"

"ಇಲ್ಲ ಇಲ್ಲ, ನಿಮ್ಮ ಮಗಳು ಬಂಗಾರ. ಆದರೆ ತರಗತಿಯಲ್ಲಿ ಬಾಯೇ ಬಿಡುವುದಿಲ್ಲ. ಒಂದು ಮಾತಿಲ್ಲ."

ಆ ತಾಯಿ ನನ್ನನ್ನು ನೋಡಿದರು. ಕಪ್ಪು ಕನ್ನಡಕವನ್ನೂ ನೋಡಿದರು.

"ನಮ್ಮಾಕೀನಾ? ಬಾಯಿ ಬಿಡೂದಿಲ್ಲಾ? ಮುಂಜಾನಿಂದ ನನ್ನ ತಲಿ ತಿಂದಾಳ್ರೀ!"

"ಮನೆಯಲ್ಲಿ ಇರಬಹುದು. ಹೊರಗೆ ಹೆದರಿಕೆ. ಅದಕ್ಕೇ ಈ ನಾಗರತ್ನಳಂಥ ಗೆಳತಿ ಇರುವುದು ಒಳ್ಳೆಯದು. ಆದರೂ ಒಂದು ಮಾತು, ತಪ್ಪು ತಿಳಿಯಬೇಡಿ. ನಿಮ್ಮ ಮಗಳು ತಿರುಗಾಡಲು ಹೋಗಿ, ಬಂದ ಹುಡುಗಿಯ ಕೈಲಿ ಲೋಟ ಹೊರಿಸುವುದು ಸರಿಯಲ್ಲ."

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ, ಬಿಳಿ ಗಡ್ಡದ ಒಬ್ಬ ಲಾರಿ ಚಾಲಕರು ಲೋಟ ಕೆಳಗಿಟ್ಟರು.

"ಅಕ್ಕೋರ" ಎಂದರು ಆ ತಾಯಿ ಮೆಲ್ಲಗೆ, ಹುಷಾರಿಲ್ಲದವರ ಹತ್ತಿರ ಮಾತಾಡುವಂತೆ. "ನನಗ ಇರಾಕಿ ಒಬ್ಬಾಕಿ ಮಗಳ್ರೀ. ನಿಮ್ಮ ಮುಂದನ ನಿಂತಾಳಲ್ರೀ."

ನಾನು ಹಿಂತಿರುಗಿ ನೋಡಿದೆ. ನನ್ನ ಹಿಂದೆ ಗೋಡೆ ಇತ್ತು.

"ಇವಳು ನಾಗರತ್ನ" ಎಂದೆ ನಾನು. ಏನು ಧೈರ್ಯ! ಹೆತ್ತ ತಾಯಿಗೆ ಮಗಳ ಹೆಸರು ತಿದ್ದುವ ಧೈರ್ಯ!

ಲಾರಿ ಚಾಲಕರು ಎದ್ದು ಬಂದರು. "ಮೇಡಂ, ಈ ಹುಡುಗಿ ತೊಟ್ಟಿಲಲ್ಲಿ ಇದ್ದಾಗಿಂದ ನಾನು ಇಲ್ಲೇ ಚಹಾ ಕುಡೀತಾ ಇದೀನಿ. ಆಗ್ಲೂ ಸುಮಂಗಲಾನೇ ಇದ್ಲು."

"ಅಮ್ಮ, ಟೀಚರ್‌ಗೆ ಏನೂ ಅನ್ನಬೇಡ" ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಅವಮಾನವಾಗುತ್ತಿದೆ ಎಂದು ಅವಳಿಗೆ ಅಳು! "ಅವರ ತಪ್ಪಲ್ಲ. ಮೊದಲನೇ ದಿನ ಬೆಂಚಿನ ಚೀಟಿ ಬರೆದು ಕೊಟ್ಟದ್ದೇ ನಾನು. ಆಗ ನಾನು ಬಲತುದಿಲಿದ್ದೆ, ಬರೆಯುವಾಗ ನನ್ನ ಮೊಣಕೈ ನಾಗರತ್ನಂಗೆ ತಾಗ್ತಾ ಇತ್ತು. ನಾನು ಎಡಗೈಯಲ್ಲಿ ಬರೆಯೋದಲ್ವಾ? ಊಟ ಆದ್ಮೇಲೆ ನಾನು ಎಡತುದಿಗೆ ಬಂದೆ, ಅವಳು ನನ್ನ ಜಾಗಕ್ಕೆ ಹೋದ್ಲು. ನೀವು ಅಷ್ಟೊತ್ತಿಗೆ ಡೈರಿಲಿ ಬರ್ಕೊಂಡಾಗಿತ್ತು ಟೀಚರ್."

ಎಡಗೈ! ಕಣ್ಣೀರಿನ ರಹಸ್ಯವೂ ಆಗಲೇ ಬಯಲಾಯಿತು. ಎಡದಿಂದ ಬಲಕ್ಕೆ ಬರೆಯುತ್ತ ಹೋದಂತೆ, ಅಂಗೈ ಹಸಿ ಮಸಿಯನ್ನು ಒರೆಸುತ್ತ ಹೋಗಿತ್ತು. ಅಷ್ಟೇ. ಆರು ತಿಂಗಳು ಆ ಹುಡುಗಿ ನನ್ನೆದುರು ಎಡಗೈಯಲ್ಲಿ ಬರೆದಿದ್ದಳು. ನಾನು ಡೈರಿ ನೋಡುತ್ತಿದ್ದೆ.

"ಮತ್ತೆ ಆರು ತಿಂಗಳು ಯಾಕೆ ಹೇಳಲಿಲ್ಲ ಮಾರಾಯ್ತಿ?"

"ಅವತ್ತೇ ಹೇಳೋಕೆ ಎದ್ದು ನಿಂತೆ ಟೀಚರ್. ಮೊದಲ ದಿನವೇ ಎಲ್ಲರ ಹೆಸರೂ ಗೊತ್ತು ಅಂತ ನೀವು ಎಷ್ಟು ಖುಷಿಯಲ್ಲಿದ್ರಿ. ಹೇಳೋಕೆ ಮನಸ್ಸಾಗಲಿಲ್ಲ. ಆಮೇಲೆ ತಡ ಆಯ್ತು. ಉತ್ತರಪತ್ರಿಕೆ ಕೊಟ್ಟಾಗ ನಾವಿಬ್ಬರೂ ಬೆಂಚಿನ ಕೆಳಗೆ ಬದಲಾಯಿಸ್ಕೊಳ್ತಾ ಇದ್ವಿ. ಏನೂ ತೊಂದರೆ ಇರಲಿಲ್ಲ. ಈ ಭಾಷಣದ ಹೆಸರು ಬೋರ್ಡಿಗೆ ಹಾಕಿದ್ಮೇಲೆ..." ಅವಳು ಬಟ್ಟೆಯನ್ನು ಹಿಂಡಿದಳು. "ನಂಗೆ ನನ್ನ ಹೆಸರಲ್ಲೇ ಮಾತಾಡ್ಬೇಕು ಅಂತ ಆಸೆ ಟೀಚರ್. ಅಮ್ಮ ಕೇಳೋಕೆ ಬರ್ತೀನಿ ಅಂದಿದಾಳೆ. ನಾಗರತ್ನಂಗಂತೂ ಬೋರ್ಡಲ್ಲಿ ಹೆಸರು ನೋಡಿ ಜ್ವರವೇ ಬಂತು."

ಹೋಟೆಲಿನ ಬೆಂಚಿನ ಮೇಲೆ ಕೂತು ಎಲ್ಲ ಜೋಡಿಸಿಕೊಂಡೆ. ಪರೀಕ್ಷೆಯಲ್ಲಿ 'ಹೊಂದಿಸಿ ಬರೆಯಿರಿ' ಎಂಬ ಪ್ರಶ್ನೆ ಹಾಕುವುದೆಂದರೆ ನನಗೆ ಬಹಳ ಇಷ್ಟ. ಮಕ್ಕಳಿಗೆ ಸುಲಭ, ತಿದ್ದುವವರಿಗೆ ಇನ್ನೂ ಸುಲಭ. ಇಲ್ಲಿದ್ದದ್ದು ಬರೇ ಎರಡು ಹೆಸರು, ಎರಡು ಮುಖ. ಎರಡು ಅಂಕ. ನನಗೆ ಸೊನ್ನೆ! ಪಾಲಕರ ಸಭೆಗೆ ಬಂದ ನಾಗರತ್ನಳ ಅಪ್ಪನಿಗೆ "ನಿಮ್ಮ ಮಗಳ ಮಾತು ಜಾಸ್ತಿಯಾಯಿತು" ಎಂದು ನಾನು ದೂರಿದಾಗ ಅವರು ಆನಂದಬಾಷ್ಪ ಸುರಿಸಿ ಕೈಮುಗಿದದ್ದು ನೆನಪಾಯಿತು. ಯಾವ ತಂದೆ ದೂರಿಗೆ ಕೈಮುಗಿಯುತ್ತಾನೆ? ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ. ಡೈರಿಯಲ್ಲಿ 'ಸಂಸ್ಕಾರವಂತ ಮನುಷ್ಯ' ಎಂದು ಬರೆದಿದ್ದೆ.

ಹೊರಡುವಾಗ ಆ ತಾಯಿ ಸೇಬಿನ ಚೀಲ ತೆಗೆದುಕೊಳ್ಳಲು ಒಪ್ಪಲಿಲ್ಲ. "ನೀವ ತಿನ್ರೀ ಅಕ್ಕೋರ. ಕಣ್ಣಿಗೆ ಚಲೋ."

ಸೋಮವಾರ ಸ್ಪರ್ಧೆ ನಡೆಸುವವರಿಗೆ ಫೋನ್ ಮಾಡಿದೆ. ಹೆಸರು ಬದಲಿಸಬೇಕಾದರೆ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ ಲಿಖಿತ ಮನವಿ, ಕಾರಣ ಸಹಿತ, ನಾಡಿದ್ದರೊಳಗೆ. ಕಾರಣ ಬರೆಯಲು ಒಂದು ಪೀರಿಯಡ್ ಹಿಡಿಯಿತು. ಕೊನೆಗೆ ಹೀಗಾಯಿತು: 'ವಿಷಯ: ನಾಗರತ್ನ ಎಂದು ಕಳುಹಿಸಲಾದ ವಿದ್ಯಾರ್ಥಿನಿಯು ಆರಂಭದಿಂದಲೂ ಸುಮಂಗಲಾ ಆಗಿರುವ ಕುರಿತು.'

ಹೆಡ್ ಮಾಸ್ತರ್ರು ಅದನ್ನು ಎರಡು ಸಲ ಓದಿದರು.

"ಇದು ಯಾವಾಗ ತಿಳಿದುಬಂತು ಮೇಡಂ?"

"ನಿನ್ನೆ ಸರ್."

"ಹುಡುಗಿಗೆ?"

"ಅವಳಿಗೆ ಮೊದಲಿಂದಲೂ ಗೊತ್ತಿತ್ತು ಸರ್."

ಅವರು ಸಹಿ ಹಾಕಿದರು. ಪೆನ್ನು ನಡುಗುತ್ತಿತ್ತು. ನಗುವಿನಿಂದ ಎಂದು ನನ್ನ ಅಂದಾಜು, ಆಧಾರವಿಲ್ಲ.

ಅದೇ ದಿನ ತರಗತಿಯಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಇಬ್ಬರು ಹುಡುಗಿಯರನ್ನೂ ಎದ್ದು ನಿಲ್ಲಿಸಿ ಸರಿಯಾದ ಹೆಸರಿನಿಂದ ಕರೆದು ಕ್ಷಮೆ ಕೇಳಿದೆ. ನಾಗರತ್ನ, ಅಂದರೆ ನಿಜವಾದ ನಾಗರತ್ನ, ಆರು ತಿಂಗಳಲ್ಲಿ ಮೊದಲ ಸಲ ತಲೆಯೆತ್ತಿ ನಕ್ಕಳು. ಮೌನವೇನೂ ಬಿಡಲಿಲ್ಲ. ಅದು ಅವಳ ಸ್ವಭಾವವಂತೆ, ಕೊರಗಲ್ಲವಂತೆ.

ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ನನ್ನ ಲೆಕ್ಕದಲ್ಲಿ ಇನ್ನೇನಾದರೂ ತಪ್ಪಿದ್ದರೆ ಈಗಲೇ ಹೇಳಿ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ."

ಎರಡನೇ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಮಂಜುನಾಥ.

"ಟೀಚರ್, ನಂಗೆ ತಂಗಿ ಇಲ್ಲೆ."

"ಅಂದರೆ? ಪ್ರತಿ ಸಲ ಕೇಳಿದಾಗಲೂ ಚೆನ್ನಾಗಿದ್ದು ಅನ್ನುತ್ತಿದ್ದೆಯಲ್ಲೋ!"

"ನೀವು ಅಷ್ಟು ಪ್ರೀತಿಯಿಂದ ಕೇಳ್ತಿದ್ರಿ ಟೀಚರ್. ಇಲ್ಲೆ ಹೇಳಿರೆ ನಿಮಗೆ ಬೇಜಾರಾಗ್ತು ಹೇಳಿ..."

ಅವನ ಹಿಂದೆ ಇನ್ನೊಂದು ಕೈ. ಅದರ ಹಿಂದೆ ಮತ್ತೊಂದು. ಹೀಗೆ ಒಟ್ಟು ಏಳು ಕೈ. ಒಬ್ಬಳ ಅಜ್ಜಿಗೆ ನಾನು ಮಂಡಿನೋವು ಬರಿಸಿದ್ದೆ. ಇನ್ನೊಬ್ಬನ ಊರನ್ನು ಹೇರೂರು ಮಾಡಿಬಿಟ್ಟಿದ್ದೆ, ಅವನು ಸಿದ್ದಾಪುರ ತಾಲೂಕಿಗೆ ಕಾಲೇ ಇಟ್ಟವನಲ್ಲ. ಮಕ್ಕಳಿಗೆ ನಾನು ತೋರಿಸಿದ ಕಾಳಜಿಯ ಹಿಂದೆಯೇ, ನನಗೆ ನೋವಾಗದಂತೆ ಮೂವತ್ತೆಂಟು ಮಕ್ಕಳು ಆರು ತಿಂಗಳು ನನ್ನನ್ನು ನೋಡಿಕೊಂಡಿದ್ದರು. ತರಬೇತಿಗೆ ಇವರನ್ನೇ ಕಳಿಸಬೇಕಿತ್ತು, ಹೇಳಿಕೊಡುವುದಕ್ಕೆ.

ಸ್ಪರ್ಧೆಯ ದಿನ ಶಿರಸಿಗೆ ಬಸ್ಸಿನಲ್ಲಿ ನಾಲ್ವರು ಹೋದೆವು: ನಾನು, ಸುಮಂಗಲಾ, ಹೋಟೆಲಿಗೆ ಒಂದು ದಿನ ಬಾಗಿಲು ಹಾಕಿದ ಅವಳ ಅಮ್ಮ, ಮತ್ತು 'ನನ್ನ ಹೆಸರು ಕರೆದುಬಿಟ್ಟರೆ ಉತ್ತರ ಕೊಡುವುದಕ್ಕೆ' ಎಂದು ನಾಗರತ್ನ. ದಾರಿಯುದ್ದಕ್ಕೂ ಸುಮಂಗಲಾ, ಸುಮಂಗಲಾ ಎಂದು ಬಾಯಿಪಾಠ ಮಾಡಿದೆ. ವೇದಿಕೆಯ ಪಕ್ಕದಲ್ಲಿ ಮೈಕು ಹಿಡಿದವರು ತಟ್ಟನೆ ನನ್ನತ್ತ ತಿರುಗಿ, "ನಿಮ್ಮ ಹುಡುಗಿ ಹೆಸರು?" ಎಂದರು.

"ನಾಗರತ್ನ!" ಎಂದೆ ನಾನು.

ಮೈಕಿನಲ್ಲಿ ಅದೇ ಹೋಯಿತು. ಮೂರನೇ ಸಾಲಿನಿಂದ "ಅಯ್ಯ ನಮ್ಮವ್ವ!" ಎಂದು ಒಬ್ಬ ತಾಯಿ ತಲೆ ಚಚ್ಚಿಕೊಂಡದ್ದು ಕೇಳಿಸಿತು. ಸುಮಂಗಲಾ ಮಾತ್ರ ನೆಟ್ಟಗೆ ನಡೆದು ಹೋಗಿ ಮೈಕಿನ ಮುಂದೆ ನಿಂತಳು.

"ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಸುಮಂಗಲಾ. ನಮ್ಮ ಟೀಚರ್‌ಗೆ ಅದು ಚೆನ್ನಾಗಿ ಗೊತ್ತು."

ಸಭೆ ನಕ್ಕಿತು. ಆಮೇಲೆ ಅವಳು ಕಾಡಿನ ಬಗ್ಗೆ ಐದು ನಿಮಿಷ ಮಾತಾಡಿದಳು, ಆಗ ಯಾರೂ ನಗಲಿಲ್ಲ. ಎರಡನೇ ಬಹುಮಾನ ಬಂತು. ಪ್ರಶಸ್ತಿಪತ್ರದಲ್ಲಿ ಅವಳ ಹೆಸರನ್ನು ಸರಿಯಾಗಿ ಬರೆದಿದ್ದರು. ಕೆಳಗೆ 'ಮಾರ್ಗದರ್ಶಕ ಶಿಕ್ಷಕಿ' ಎಂಬಲ್ಲಿ ಸಾವಿತ್ರಿಯಾದ ನನ್ನನ್ನು ಸರಸ್ವತಿ ಮಾಡಿದ್ದರು.

"ಟೀಚರ್, ನಿಮ್ಮ ಹೆಸರು ತಪ್ಪಾಗಿದೆ" ಎಂದಳು ಸುಮಂಗಲಾ.

"ತೊಂದರೆ ಇಲ್ಲ" ಎಂದೆ.

ಹುಡುಗಿಯರಿಬ್ಬರೂ ಮುಖ ಮುಖ ನೋಡಿಕೊಂಡರು. "ತೊಂದರೆ ಇರ್ತದೆ ಟೀಚರ್, ನಂಗೆ ಗೊತ್ತು" ಎಂದವಳೇ ಸುಮಂಗಲಾ ಪತ್ರವನ್ನು ಕಿತ್ತುಕೊಂಡು ಮೇಜಿನ ಹತ್ತಿರ ಹೋದಳು. ಅಲ್ಲಿದ್ದವರನ್ನು ಒಪ್ಪಿಸಿ, ಅವರದೇ ಪೆನ್ನಿನಿಂದ ತಾನೇ ತಿದ್ದಿ ತಂದಳು.

ಅದರ ಫೋಟೋ ನನ್ನ ಹತ್ತಿರ ಇದೆ. 'ಸಾವಿತ್ರಿ' ಎಂಬ ಮೂರಕ್ಷರದ ಮೇಲೆ ಮಸಿ ಬಲಕ್ಕೆ ಒರೆಸಿಹೋಗಿದೆ. ಮುಂದೆ ಯಾರಾದರೂ ಇತಿಹಾಸಕಾರರು ಕಂಡರೆ ಅದು ಕಣ್ಣೀರು ಎಂದಾರು. ಅಲ್ಲ, ಅದು ಎಡಗೈ. ಆ ಹೊತ್ತು ನನ್ನ ಕಣ್ಣು ಒದ್ದೆಯಾಗಿದ್ದೇನೋ ನಿಜ, ಆದರೆ ಅದು ಪೂರ್ತಿ ವಾಸಿಯಾಗದ ಕಣ್ಣುಬೇನೆಯಿಂದ. ಹಾಗಂತ ನಾನು ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ನನ್ನ ಡೈರಿ ಎಷ್ಟು ನಂಬಬಹುದಾದ್ದು ಎಂಬುದು ನಿಮಗೀಗ ಗೊತ್ತೇ ಇದೆ.